ನಾಲ್ಕನೇ ಕಂತಿನ ಆಂಬುಲೆನ್ಸ್

ಜನವರಿ 19

ಅಕ್ಕಾ,

ಫೋನ್ ಬಿಟ್ಟು ಕಾಗದ ಹಿಡಿದಿದ್ದಾನಲ್ಲ ಎಂದು ನಗಬೇಡ. ಫೋನ್ ಮಾಡಿದರೆ ನಿನ್ನ ಕನ್ನಡಕದ ಅಂಗಡಿಯಲ್ಲಿ ಅದನ್ನು ಎತ್ತುವವರು ಅಪ್ಪ. ನಿನಗೆ ಕೊಡಿ ಎಂದರೆ, "ಅವಳು ಯಾರದೋ ಕಣ್ಣು ನೋಡ್ತಿದಾಳೆ, ಏನಿದ್ರೂ ನನಗೆ ಹೇಳು" ಎನ್ನುತ್ತಾರೆ. ನೀನು ಬಂದು ಮಾತಾಡಿದರೂ ಪಕ್ಕದ ಕುರ್ಚಿ ಬಿಟ್ಟು ಅಲುಗುವುದಿಲ್ಲ.

ಧಾರಾವಾಹಿಗೆ ಒಪ್ಪಿಗೆ ಸಿಕ್ಕಿದೆ. ಎಂಟು ಕಂತು, ಬರವಣಿಗೆ ಪೂರ್ತಿ ನನ್ನದು. ವಿಷಯ, ನಾವು ಮನೆಯಲ್ಲಿ 'ಆ ವಾರ' ಎಂದಷ್ಟೇ ಹೇಳುತ್ತ ಬಂದದ್ದು. ನೆರೆಯ ದೇಶದ ಸೈನ್ಯ ಒಂದು ಬೆಳಿಗ್ಗೆ ಗಡಿ ದಾಟಿದ್ದು, ಮಧ್ಯಾಹ್ನದ ಹೊತ್ತಿಗೆ ಟ್ಯಾಂಕುಗಳು ನಮ್ಮ ಬೀದಿಗಳಲ್ಲಿ ಇದ್ದದ್ದು. ಮೂರನೇ ಕಂತು ಅಪ್ಪನದು. ನಗರಸಭೆಯಲ್ಲಿ ಬೀದಿಗಳ ಹೆಸರಿನ ಬೋರ್ಡು ಬರೆಯುವವನೊಬ್ಬ ರೇಡಿಯೊ ಸುದ್ದಿ ಕೇಳಿ, ಏಣಿ ಹೆಗಲಿಗೇರಿಸಿ ಹೊರಟು, ತಾನೇ ಬರೆದ ಬೋರ್ಡುಗಳನ್ನು ಒಂದೊಂದಾಗಿ ಬಿಚ್ಚುತ್ತಾನೆ. ಅವನನ್ನು ನೋಡಿ ಊರಿಗೆ ಊರೇ ಬಿಚ್ಚತೊಡಗುತ್ತದೆ, ಮನೆ ನಂಬರುಗಳನ್ನು ಸಹ. ಒಳಗೆ ಬಂದ ಸೈನ್ಯಕ್ಕೆ ತಾನು ಎಲ್ಲಿದ್ದೇನೆ ಎಂದೇ ತಿಳಿಯುವುದಿಲ್ಲ. ಇದನ್ನು ಓದಿ ನಮ್ಮ ನಿರ್ದೇಶಕ ಮೇಜು ಬಡಿದ. ಅವನನ್ನು ಎಲ್ಲರೂ ಬೆನ್ನ ಹಿಂದೆ 'ದೊರೆ' ಎನ್ನುತ್ತಾರೆ. "ಇಂಥ ಅಪ್ಪನ್ನ ಇಟ್ಕೊಂಡು ಇಷ್ಟು ವರ್ಷ ಏನ್ರೀ ಮಾಡ್ತಿದ್ರಿ?" ಎಂದ. ಸೋಪಿನ ಜಾಹೀರಾತು ಬರೆಯುತ್ತಿದ್ದೆ ಎಂದೆ.

ನಾಲ್ಕನೇ ಕಂತು ಅಮ್ಮನದು. ಗರ್ಭಿಣಿ, ರಕ್ತಸ್ರಾವ, ಬರುತ್ತಿದ್ದ ಆಂಬುಲೆನ್ಸನ್ನು ಸೈನಿಕರು ಸೇತುವೆಯ ಮೇಲೆ ತಡೆದದ್ದು. ನನಗೆ ಗೊತ್ತಿರುವುದು ಈ ಒಂದು ವಾಕ್ಯ. ಆಗ ನಾನು ನಾಲ್ಕು ವರ್ಷದವನು, ನೆನಪಿರುವುದು ಕೆಳಗಿನ ಮನೆಯ ಹೊಲಿಗೆ ಅತ್ತೆಯ ಗುಂಡಿಗಳ ಡಬ್ಬಿ ಮಾತ್ರ. ಈಗ ಆ ಒಂದು ವಾಕ್ಯವನ್ನು ಮುಕ್ಕಾಲು ಗಂಟೆಗೆ ಎಳೆಯಬೇಕು. ಕೋಣೆ ಹೇಗಿತ್ತು, ಅಮ್ಮ ಏನಂದಳು, ನೀನೆಲ್ಲಿ ನಿಂತಿದ್ದೆ, ಎಲ್ಲ ಬರೆ. ಚಿತ್ರೀಕರಣಕ್ಕೆ ಬೇಕಾದ ಬೋರ್ಡುಗಳನ್ನು ಅಪ್ಪನೇ ಬರೆದುಕೊಡುತ್ತಾರಾ, ಕೇಳು.

ಇಲ್ಲಿ ಕುರ್ಚಿಯಲ್ಲಿ ಕೂರಲಾಗುತ್ತಿಲ್ಲ. ಎರಡು ಸಾಲು ಬರೆದರೆ ಬೀದಿಗೆ ಹೋಗಿ ಬರಬೇಕು ಎನಿಸುತ್ತದೆ.

ನಿನ್ನ ತಮ್ಮ


ಫೆಬ್ರವರಿ 2

ಬುಗುರಿ,

ನಲವತ್ತು ದಾಟಿದ ಗಂಡಸನ್ನು ಹೀಗೆ ಕರೆಯಬಾರದು ಎಂದು ನಿನ್ನ ಹೆಂಡತಿ ಆಗಾಗ ಹೇಳುತ್ತಿದ್ದಳು. ಅವಳೇ ಬಿಟ್ಟುಹೋದ ಮೇಲೆ ನನಗಿನ್ಯಾರ ಭಯ.

ಅಪ್ಪ ಒಪ್ಪಿದ್ದಾರೆ. ಒಪ್ಪುವುದೇನು, ಮಾರನೇ ದಿನವೇ ಊಟದ ಮೇಜಿನ ತುಂಬಾ ತಗಡು ಹರವಿಕೊಂಡು ಕೂತರು. ನಾವೀಗ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಊಟ ಮಾಡುತ್ತೇವೆ. ಕೈ ನಡುಗುತ್ತದೆ, ಆದರೆ ಕುಂಚ ತಗಡಿಗೆ ತಾಗಿದ ಕ್ಷಣ ನಿಲ್ಲುತ್ತದೆ. ಅದು ಹೇಗೋ, ಕಣ್ಣಿನ ವಿಷಯವಾದರೆ ನಾನು ಹೇಳಬಲ್ಲೆ, ಕೈಯದು ಗೊತ್ತಿಲ್ಲ. ಅಂಗಡಿಗೆ ಬಂದವರೆಲ್ಲ ಮೂರನೇ ಕಂತಿನ ಕಥೆ ಕೇಳಿಕೊಂಡೇ ಹೋಗಬೇಕು. ನಿನ್ನೆ ಒಬ್ಬರನ್ನು ಕೂರಿಸಿ ಗೋಡೆಯ ಮೇಲಿನ ಅಕ್ಷರ ಓದಿಸುತ್ತಿದ್ದೆ. ಹಿಂದಿನಿಂದ ಅಪ್ಪ, "ಮೂರನೇ ಸಾಲಿನಲ್ಲಿ ಆ ಅಕ್ಷರಕ್ಕೆ ಹೊಟ್ಟೆ ಜಾಸ್ತಿ. ಪಾಪ, ತಪ್ಪು ಅವರ ಕಣ್ಣಿನದಲ್ಲ, ಬರೆದೋನ್ದು" ಎಂದರು. ಆ ಮನುಷ್ಯ ಕನ್ನಡಕ ಬೇಡ ಎಂದು ಎದ್ದು ಹೋದ.

ಅವರನ್ನು ಇಷ್ಟು ಗೆಲುವಾಗಿ ನಾನು ನೋಡಿರಲಿಲ್ಲ. ಇದನ್ನು ನೀನು ಮರೆಯಬಾರದು.

ಅಮ್ಮನ ಕೋಣೆಗೆ ಹಸಿರು ಪರದೆ ಇತ್ತು. ಅಷ್ಟು ಸಾಕು. ನಾಲ್ಕನೇ ಕಂತಿನಲ್ಲಿ ಬೇರೆ ಯಾರನ್ನಾದರೂ ಸಾಯಿಸು, ಆ ವಾರ ಸತ್ತವರಿಗೇನೂ ಕಡಿಮೆ ಇರಲಿಲ್ಲ. ಅಮ್ಮನನ್ನು ಬಿಟ್ಟುಬಿಡು. ಯಾಕೆ ಎಂದು ಕೇಳಬೇಡ, ಕೇಳಿದರೆ ನಾನು ಗಿರಾಕಿ ಬಂದರು ಎನ್ನುತ್ತೇನೆ.

ಅಕ್ಕ


ಫೆಬ್ರವರಿ 20

ಅಕ್ಕಾ,

ಕೇಳದೆ ಇರಲಾಗುತ್ತಿಲ್ಲ. ಯಾಕೆ?

ಇಲ್ಲಿ ಸ್ಟುಡಿಯೊದ ಹಿಂದಿನ ಬಯಲಿನಲ್ಲಿ ನಮ್ಮ ಬೀದಿ ಎದ್ದು ನಿಂತಿದೆ. ಮುಂಭಾಗ ಮಾತ್ರ, ಬಾಗಿಲು ತೆಗೆದರೆ ಹಿಂದೆ ಹುಲ್ಲು. ಸೈನ್ಯದ ಗುಜರಿಯಿಂದ ಎರಡು ನಿಜವಾದ ಟ್ಯಾಂಕು ತಂದಿದ್ದಾರೆ, ಉಳಿದವು ಪ್ಲೈವುಡ್. ನಿಜವಾದವು ಚಾಲೂ ಆಗುವುದಿಲ್ಲ, ಪ್ಲೈವುಡ್‌ನವು ಓಡುತ್ತವೆ. ವೈರಿ ಸೈನಿಕರ ಪಾತ್ರಕ್ಕೆ ಬಂದ ಹುಡುಗರು ಬಿಡುವಿನಲ್ಲಿ ಹೆಲ್ಮೆಟ್ ಕೆಳಗಿಟ್ಟು, ತಂತಮ್ಮ ತಾಯಂದಿರಿಗೆ ಫೋನ್ ಮಾಡುತ್ತಿರುತ್ತಾರೆ. ನಾನು ಆ ಸುಳ್ಳು ಬೀದಿಯಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುತ್ತಿರುತ್ತೇನೆ. ನಿನಗೂ ಅಪ್ಪನಿಗೂ ಆ ವಾರ ನೆನಪು, ನನಗೆ ಅದು ಬರೀ ಕೇಳಿದ ಮಾತು. ಸ್ವಂತ ತಾಯಿಯ ಸಾವನ್ನು ಮೂರನೆಯವರಿಂದ ಕೇಳಿದ ಹಾಗೆ ಬದುಕಿದ್ದೇನೆ. ಈಗಲಾದರೂ ಒಮ್ಮೆ ಅದರೊಳಗೆ ಹೋಗಿ ನಿಲ್ಲಬೇಕು. ನೀನು ಹೇಳದಿದ್ದರೆ ನಾನೇ ಕಲ್ಪಿಸಿಕೊಳ್ಳುತ್ತೇನೆ.

ಕಲ್ಪಿಸಿಕೊಂಡದ್ದು ಹೀಗಿದೆ. ಸೇತುವೆ. ಡ್ರೈವರ್ ಕೆಳಗಿಳಿದು ಕೈಮುಗಿಯುತ್ತಾನೆ: "ಅಲ್ಲೊಬ್ಬ ಹೆಂಗಸು ಸಾಯ್ತಿದಾಳೆ, ದಾರಿ ಬಿಡಿ!" ಸೈನಿಕ ಬಂದೂಕಿನ ಹಿಡಿಯಿಂದ ಅವನ ಭುಜಕ್ಕೆ ಹೊಡೆಯುತ್ತಾನೆ. ಹಿಂದೆ ಟ್ಯಾಂಕು ತಿರುಗುತ್ತದೆ. ಅಲ್ಲಿಂದ ನೇರ ಹಸಿರು ಪರದೆಗೆ. ದೊರೆ ಓದಿ ಕಣ್ಣೊರೆಸಿಕೊಂಡ, ಮೇ ಮೊದಲ ವಾರಕ್ಕೆ ಸೇತುವೆ ಗೊತ್ತು ಮಾಡಿಸಿದ.

ಮೂರು ಮತ್ತು ನಾಲ್ಕನೇ ಕಂತಿನ ಪ್ರತಿಯನ್ನು ಅಪ್ಪನಿಗೂ ಕಳಿಸಿದ್ದೇನೆ. ನಿನ್ನನ್ನು ಕೇಳದೆ ಕಳಿಸಿದೆ, ಬೈಯಬೇಡ.

ತಮ್ಮ


ಮಾರ್ಚ್ 6

ಬುಗುರಿ,

ಅಪ್ಪ ಭೂತಗನ್ನಡಿ ಹಿಡಿದು ಎರಡು ಸಲ ಓದಿದರು. ಸೇತುವೆ ಬಂದಾಗ, "ಹೀಗೇ ಆಗಿರ್ಬೇಕು" ಎಂದು ಕನ್ನಡಿ ಕೆಳಗಿಟ್ಟರು. ಆಗಿರಬೇಕು. ಅವರೂ ಅಲ್ಲಿರಲಿಲ್ಲವಲ್ಲ.

ಸೇತುವೆಯ ಮೇಲೆ ಯಾರೂ ಯಾರನ್ನೂ ತಡೆಯಲಿಲ್ಲ.

ಇದನ್ನು ಬರೆಯಲು ನಾಲ್ಕು ದಿನದಿಂದ ಅಂಗಡಿಯ ಬಾಗಿಲು ತೆಗೆಯುವುದು, ಹಾಕುವುದು ಮಾಡುತ್ತಿದ್ದೇನೆ. ಕೇಳು. ಬೆಳಿಗ್ಗೆ ಅಪ್ಪ ಏಣಿ ಹೊತ್ತು ಹೋದಾಗ ಅಮ್ಮ ಚೆನ್ನಾಗಿಯೇ ಇದ್ದಳು. ಮೊದಲು ಬಿಚ್ಚಿದ್ದು ನಮ್ಮ ಬೀದಿಯ ಬೋರ್ಡನ್ನೇ. ಅಮ್ಮ ಕಿಟಕಿಯಿಂದ, "ನಮ್ಮನೆ ದಾರಿ ನಿಮಗೇ ಮರೆತು ಹೋದೀತು" ಎಂದು ನಗಾಡಿದಳು. ಮಧ್ಯಾಹ್ನ ರಕ್ತಸ್ರಾವ ಶುರುವಾಯಿತು. ಹೊಲಿಗೆ ಅತ್ತೆ ಆಸ್ಪತ್ರೆಗೆ ಫೋನ್ ಮಾಡಿದರು, ಅಲ್ಲಿಂದ ಗಾಡಿ ಹೊರಟಿದೆ ಎಂದರು. ನಿನ್ನನ್ನು ಕೆಳಗೆ ಗುಂಡಿಗಳ ಜೊತೆ ಕೂರಿಸಿದ್ದರು. ನಾನು ಕಿಟಕಿಯಲ್ಲಿದ್ದೆ. ಗಾಡಿ ಬಂತು. ಬೀದಿಯ ತುದಿಯ ದೊಡ್ಡ ರಸ್ತೆಯಲ್ಲಿ ನಿಧಾನವಾಯಿತು, ನಿಂತಿತು. ಡ್ರೈವರ್ ಕತ್ತು ಹೊರಗೆ ಹಾಕಿ ಗೋಡೆಗಳನ್ನು ನೋಡಿದ. ಮೂಲೆಮನೆಯವರನ್ನು ಏನೋ ಕೇಳಿದ. ಅವರು ಕೈ ಎತ್ತಿ ಆ ಕಡೆ ತೋರಿಸಿದರು. ಹೊಸಬರು ಯಾರು ಏನು ಕೇಳಿದರೂ ತಪ್ಪು ದಾರಿ ತೋರಿಸಬೇಕೆಂದು ಅವತ್ತು ಇಡೀ ಊರು ಮಾತಾಡಿಕೊಂಡಿತ್ತು, ಆಸ್ಪತ್ರೆ ಗಾಡಿಯಾದರೂ ಸರಿ, ಒಳಗೆ ಯಾರಿದ್ದಾರೋ ಯಾರಿಗೆ ಗೊತ್ತು. ನಾನು ಕೂಗಿದೆ. ಟ್ಯಾಂಕುಗಳ ಆ ಸದ್ದಿನಲ್ಲಿ ಯಾರಿಗೆ ಕೇಳಬೇಕು. ಇಳಿದು ಓಡೋಣ ಎಂದರೆ ಅಮ್ಮ ನನ್ನ ಕೈ ಬಿಡಲಿಲ್ಲ. ಅತ್ತೆ ಬೀದಿ ತುದಿ ಮುಟ್ಟುವಷ್ಟರಲ್ಲಿ ಗಾಡಿ ಇರಲಿಲ್ಲ. ಇನ್ನೊಂದು ಸಲ ಬಂತು, ಹಾಗೇ ದಾಟಿ ಹೋಯಿತು. ಆಮೇಲೆ ಬರಲಿಲ್ಲ.

ಸಂಜೆ ಅಪ್ಪ ಬಂದರು. ಹೆಗಲ ಮೇಲೆ ಏಣಿ, ಮುಖದ ತುಂಬಾ ನಗು. ಮೆಟ್ಟಿಲ ಬಳಿಯೇ ಅತ್ತೆ ಅಡ್ಡ ನಿಂತು, "ಗಾಡಿ ಬಿಡ್ಲಿಲ್ವಂತಪ್ಪಾ, ಆ ಹಾಳಾದೋರು ಸೇತುವೆ ಹತ್ರಾನೇ ತಡೆದ್ರಂತೆ" ಎಂದುಬಿಟ್ಟರು. ಅಷ್ಟು ಬೇಗ ಅದು ಅವರಿಗೆ ಹೇಗೆ ಹೊಳೆಯಿತೋ. ಅಪ್ಪ ನನ್ನ ಮುಖ ನೋಡಿದರು. ನಾನು ಸುಮ್ಮನಿದ್ದೆ. ಇವತ್ತಿಗೂ ಸುಮ್ಮನಿದ್ದೇನೆ, ಅದರಲ್ಲಿ ನನಗೆ ಪಶ್ಚಾತ್ತಾಪವಿಲ್ಲ. ಅವರು ಇಷ್ಟು ವರ್ಷ ಆ ಸೈನಿಕರನ್ನು ಬೈದುಕೊಂಡು ಬದುಕಿದರು. ಬೈಯಲು ಬೇರೊಬ್ಬರು ಇದ್ದದ್ದಕ್ಕೇ ಬದುಕಿದರು.

ಈಗ ನಿನಗೂ ಗೊತ್ತು. ಇದನ್ನು ಬರೆಯಬೇಡ. ನಿನ್ನ ಸೇತುವೆಯೇ ಇರಲಿ.

ಅಕ್ಕ


ಏಪ್ರಿಲ್ 9

ಅಕ್ಕಾ,

ತಿಂಗಳಾಯಿತು. ಆರು ಸಲ ಉತ್ತರ ಬರೆದು ಹರಿದೆ. ಸಂಭಾಷಣೆ ಬರೆಯುವುದು ನನ್ನ ಹೊಟ್ಟೆಪಾಡು, ನಿನಗೊಂದು ವಾಕ್ಯ ಸಿಗಲಿಲ್ಲ.

ಮೊದಲ ವಾರ ಸೇತುವೆಯನ್ನು ಹಾಗೇ ಬಿಟ್ಟೆ. ಎರಡನೇ ವಾರ ನೀನು ಬರೆದದ್ದನ್ನು ದೃಶ್ಯವಾಗಿ ಬರೆದು, ಹೆಸರು ಹೇಳದೆ, ದೊರೆಗೆ ತೋರಿಸಿದೆ. ಅವನು ಓದಿ ತಲೆ ಕೆರೆದುಕೊಂಡ. "ಚೆನ್ನಾಗಿದೆ ಕಣ್ರೀ. ಆದ್ರೆ ಜನ ಯಾರನ್ನ ಬೈಬೇಕು? ಮೂರನೇ ಕಂತಲ್ಲಿ ಚಪ್ಪಾಳೆ ಹೊಡೆಸ್ಕೊಂಡು ನಾಲ್ಕನೇದ್ರಲ್ಲಿ ಅದೇ ಕೈ ಕಡಿಯೋದಾ?" ಎಂದ. ಕಾಗದ ವಾಪಸ್ ತೆಗೆದುಕೊಂಡೆ. ಅವನಿಗಿಂತ ಹೆಚ್ಚಾಗಿ ನನಗೇ ಸಮಾಧಾನವಾಯಿತು ಎಂದು ನಿನಗೆ ಹೇಳಬೇಕು.

ಅಷ್ಟರಲ್ಲಿ ಒಬ್ಬ ಮನುಷ್ಯ ಬಂದ. ಆ ವಾರವನ್ನು ಕಂಡವರು ಬಂದು ಮಾತಾಡಿ ಎಂದು ಚಾನೆಲ್ಲಿನವರು ಪತ್ರಿಕೆಯಲ್ಲಿ ಹಾಕಿದ್ದರು. ದಿನವೂ ಹತ್ತಾರು ಜನ ಬರುತ್ತಾರೆ, ಎಲ್ಲರೂ ಶೂರರು. ಇವನು ಬಾಗಿಲಲ್ಲೇ, "ನಾನೇನೂ ಮಾಡಿಲ್ಲ ಸಾರ್, ಮಾಡೋಕಾಗದೆ ಇದ್ದಿದ್ದನ್ನ ಹೇಳೋಕೆ ಬಂದೆ" ಎಂದ. ಆಂಬುಲೆನ್ಸ್ ಡ್ರೈವರ್. ದೂರದ ಊರಿನವನು, ಕೆಲಸಕ್ಕೆ ಸೇರಿ ವಾರವಾಗಿರಲಿಲ್ಲ, ಮಾತಿನ ಧಾಟಿಯೂ ಬೇರೆ. ಹೆರಿಗೆ ಕೇಸು ಎಂದು ಚೀಟಿ ಕೊಟ್ಟು ಕಳಿಸಿದರು. ಸುತ್ತಿದ, ಸುತ್ತಿದ. ಒಂದು ಕಡೆ ಟ್ಯಾಂಕು ಎದುರಾಯಿತು. ಅದರ ಮೇಲಿದ್ದವನು ನಕ್ಷೆ ಬಿಡಿಸಿ ಇವನನ್ನೇ ದಾರಿ ಕೇಳಿದ. ಇವನು ತನ್ನ ಚೀಟಿ ತೋರಿಸಿ ಅವನನ್ನು ಕೇಳಿದ. "ಇಬ್ಬರೂ ಕಳೆದುಹೋಗಿದ್ವಿ ಸಾರ್. ಪಾಪ, ಅವನೇ ಟ್ಯಾಂಕ್ ಹಿಂದಕ್ಕೆ ತಗೊಂಡು ನನಗೆ ಜಾಗ ಬಿಟ್ಟ. ಜಾಗ ಬಿಟ್ರೆ ಏನು ಬಂತು, ಎಲ್ಲಿಗೆ ಹೋಗ್ಲಿ?"

ಆಮೇಲೆ ಅವನು ಗಾಡಿ ಓಡಿಸಲಿಲ್ಲ. ಈಜುಕೊಳದ ಟಿಕೆಟ್ ಕೌಂಟರಿನಲ್ಲಿ ಕೂತು ಆಯಸ್ಸು ಕಳೆದ. ಬೇರೆ ಯಾರಾದರೂ ಆಗಿದ್ದರೆ ಮನೆ ಹುಡುಕುತ್ತಿದ್ದರು, ತನಗೆ ಬುದ್ಧಿ ಸಾಲದೆ ಒಂದು ಜೀವ ಹೋಯಿತು, ಹೀಗೆಂದು ಅವನ ಎಣಿಕೆ. ಚೀಟಿ ಕಳೆದಿದೆ, ಬೀದಿಯ ಹೆಸರು ಮರೆತಿದೆ. "ಯಾವ ಬೀದಿ ಅಂತ ನಿಮ್ಮ ಹತ್ರ ಏನಾದ್ರೂ ಇದ್ಯಾ ಸಾರ್? ಒಂದ್ಸಲ ಹೋಗಿ ನೋಡ್ಬೇಕು" ಎಂದ. ನಾನು ಚಹಾ ತರಿಸಿದೆ. ಅವನ ಎದುರಿಗೆ ಕೂರಲಾಗದೆ ಕಪಾಟಿನಲ್ಲಿ ಏನೋ ಹುಡುಕುತ್ತಿದ್ದೆ.

ಬುದ್ಧಿ ಸಾಲದ್ದಲ್ಲ ಎಂದು ಅವನಿಗೆ ಹೇಳಬಲ್ಲವರು ಈ ಭೂಮಿಯ ಮೇಲೆ ನಾವಿಬ್ಬರೇ. ಹೇಳಿದರೆ ಅದು ಅಪ್ಪನವರೆಗೆ ಹೋಗುತ್ತದೆ. ಏನು ಮಾಡಲಿ?

ತಮ್ಮ


ಏಪ್ರಿಲ್ 13

ಅವನನ್ನು ಇಲ್ಲಿಗೆ ಕಳಿಸಬೇಡ. ಅವನನ್ನು ನೆನೆದರೆ ನನಗೂ ಸಂಕಟವಾಗುತ್ತದೆ. ಅವನು ಗಟ್ಟಿಮುಟ್ಟಾಗಿ ನಿನ್ನ ಕಚೇರಿಯ ಮೆಟ್ಟಿಲು ಹತ್ತಿ ಬಂದ. ಅಪ್ಪನಿಗೆ ಎಂಬತ್ತು ದಾಟಿದೆ, ನಮ್ಮ ಮೆಟ್ಟಿಲನ್ನೇ ಎರಡು ಕಡೆ ನಿಂತು ಹತ್ತುತ್ತಾರೆ. ತೂಗಿ ನೋಡು. ನಿನಗೆ ತೂಗಲು ಬಾರದಿದ್ದರೆ ನಾನು ತೂಗಿದ್ದನ್ನು ಒಪ್ಪಿಕೋ.

ಅಕ್ಕ


ಏಪ್ರಿಲ್ 19

ಅಕ್ಕಾ,

ಕಳಿಸಿಲ್ಲ. ಆದರೆ ಪೂರ್ತಿ ಕಳಿಸದೆಯೂ ಇಲ್ಲ.

ಅವನು ಮತ್ತೆ ಬಂದಿದ್ದ. ಒತ್ತಾಯ ಮಾಡಲಿಲ್ಲ, ಬೆಂಚಿನ ಮೇಲೆ ಕೂತು ಪ್ಲೈವುಡ್ ಟ್ಯಾಂಕುಗಳನ್ನು ನೋಡುತ್ತಿದ್ದ. ನಮ್ಮ ಆಂಬುಲೆನ್ಸ್ ಬಂದಾಗ ಎದ್ದು ಹೋಗಿ ಅದರ ಬಾಗಿಲು ಮುಟ್ಟಿದ. "ನಿಮ್ಮ ಡ್ರೈವರ್‌ಗೆ ಸೈನಿಕ ಹೊಡೀತಾನಂತಲ್ಲ ಸಾರ್? ಪುಣ್ಯವಂತ" ಎಂದ. ವ್ಯಂಗ್ಯವಿರಲಿಲ್ಲ ಅಕ್ಕಾ. ತನಗೂ ಹಾಗೆ ಯಾರಾದರೂ ಹೊಡೆದಿದ್ದರೆ ಎಂದು ನಿಜವಾಗಿಯೂ ಆಸೆಪಡುತ್ತಿದ್ದ.

ಬೀದಿಯ ಹೆಸರು ನನ್ನ ಬಾಯಿಂದ ಬಂದುಬಿಟ್ಟಿತು. ಹೆಸರಷ್ಟೇ. ಮನೆ ಯಾವುದು, ನಾನು ಯಾರ ಮಗ, ಏನೂ ಹೇಳಿಲ್ಲ. ನೀವಿನ್ನೂ ಅಲ್ಲೇ ಇದ್ದೀರಿ, ಆದರೂ ಆ ಬೀದಿಯಲ್ಲಿ ನೂರು ಬಾಗಿಲಿವೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಸೇತುವೆಯ ಚಿತ್ರೀಕರಣ ಮೇ ಏಳಕ್ಕೆ. ನಿದ್ದೆಯಿಲ್ಲ ಎಂದು ಬರೆದರೆ ಅದೂ ಸಂಭಾಷಣೆಯಂತೆ ಕೇಳುತ್ತದೆ.

ಬೈದಾದರೂ ಎರಡು ಸಾಲು ಬರೆ.

ತಮ್ಮ


ಮೇ 3

ಬುಗುರಿ,

ಬೈದು ಬರೆದಿಟ್ಟ ಕಾಗದ ಇನ್ನೂ ಮೇಜಿನ ಮೇಲಿತ್ತು. ಅಷ್ಟರಲ್ಲಿ ಅವನೇ ಬಂದ.

ಹೊಸಬರು ನಮ್ಮ ಬೀದಿಗೆ ಬಂದರೆ ದಾರಿ ಕೇಳುವುದು ಅಂಗಡಿ ಬಾಗಿಲಲ್ಲಿ ಕೂತ ಅಪ್ಪನನ್ನೇ. ಅದು ನಿನ್ನ ಲೆಕ್ಕಕ್ಕೆ ಬರಲಿಲ್ಲ, ನೂರು ಬಾಗಿಲು ಎಣಿಸಿದೆ. ನಾನು ಒಳಗೆ ಗಾಜು ಉಜ್ಜುತ್ತಿದ್ದೆ. "ಇದೇನಾ ಆ ಬೀದಿ?" ಎಂಬ ಬೇರೆ ಧಾಟಿಯ ಮಾತು ಕೇಳಿ ಹೊರಗೆ ಬರುವಷ್ಟರಲ್ಲಿ ಅಪ್ಪ ಅವನಿಗೆ ಕುರ್ಚಿ ಎಳೆದು ಕೊಟ್ಟಾಗಿತ್ತು. ಇಬ್ಬರೂ ಆ ವಾರದ ಮಾತಿಗಿಳಿದಿದ್ದರು. ನಾನು ನಡುವೆ ಹೋಗಿ, "ಅಪ್ಪಾ, ಔಷಧಿ ಹೊತ್ತಾಯ್ತು" ಎಂದೆ. "ಇರೇ, ಇವರು ಟ್ಯಾಂಕಿನ ಕಥೆ ಹೇಳ್ತಿದಾರೆ" ಎಂದರು.

ಟ್ಯಾಂಕಿನ ಕಥೆಗೆ ಅಪ್ಪ ತೊಡೆ ತಟ್ಟಿ ನಕ್ಕರು. "ನಿಮ್ಮನ್ನೇ ದಾರಿ ಕೇಳಿದ್ನಾ!" ಎಂದರು. "ನೀವೆಲ್ಲಿಗೆ ಹೊರಟಿದ್ರಿ?"

"ಇದೇ ಬೀದಿಗೆ. ಒಂದು ಹೆರಿಗೆ ಕೇಸು. ಇಲ್ಲೇ ತುದಿಗೆ ಬಂದಿದ್ದೆ ಅಂತ ಈಗ ಗೊತ್ತಾಯ್ತು ನೋಡಿ, ಆ ಮೂಲೆ ಮನೆ ಕಂಡ ಕೂಡಲೇ. ಎರಡು ಸಲ ಬಂದಿದ್ದೆ. ಆ ಹೆಂಗಸು ಉಳೀಲಿಲ್ಲ ಅಂತ ಮಾರನೇ ದಿನ ಆಸ್ಪತ್ರೇಲಿ ಹೇಳಿದ್ರು."

ಅಪ್ಪ ನಗುತ್ತಿದ್ದ ಮುಖವನ್ನು ಹಾಗೇ ಇಟ್ಟುಕೊಂಡಿದ್ದರು. ನಗು ಹೋಗಿತ್ತು, ಮುಖ ಮಾತ್ರ ಹಾಗೇ ಇತ್ತು.

"ಸೇತುವೆ ಹತ್ರ ನಿಮ್ಮನ್ನ ಯಾರೂ ತಡೀಲಿಲ್ವಾ?"

"ಇಲ್ಲ. ಯಾರು ತಡೀತಾರೆ? ನಾನೇ ದಡ್ಡ, ಹುಡುಕೋಕಾಗ್ಲಿಲ್ಲ."

ಅಪ್ಪ ನನ್ನ ಕಡೆ ತಿರುಗಲಿಲ್ಲ. ತಿರುಗುತ್ತಾರೆಂದು ನಾನು ಗಾಜಿನ ಕಪಾಟು ಹಿಡಿದುಕೊಂಡು ನಿಂತಿದ್ದೆ. ಅವರು ಕೈ ಚಾಚಿ ಅವನ ಮೊಣಕಾಲ ಮೇಲಿಟ್ಟರು.

"ದಡ್ಡ ಅಲ್ಲಪ್ಪ ನೀನು. ಇಲ್ಲೊಂದು ಬೋರ್ಡಿತ್ತು. ಅವತ್ತು ಬೆಳಿಗ್ಗೆ ಅದನ್ನ ಬಿಚ್ಚಿದ್ದು ನಾನು. ನೀನಲ್ಲ, ಯಾರು ಬಂದಿದ್ರೂ ಸಿಗ್ತಿರ್ಲಿಲ್ಲ."

ಅವನು ತೋಳಿನಿಂದ ಮೂಗೊರೆಸಿಕೊಂಡು, "ನೀವಾ? ಅಯ್ಯೋ, ಒಳ್ಳೇ ಕೆಲಸಾನೇ ಮಾಡಿದ್ರಿ ಬಿಡಿ, ಸಂಜೆವರೆಗೂ ಅವರನ್ನ ಸುತ್ತಾಡಿಸಿದ್ರಿ" ಎಂದ. "ಆ ಮನೆಯವರು ಯಾರಾದ್ರೂ ಇದಾರಾ ಇಲ್ಲಿ?"

"ಈಗಿಲ್ಲ" ಎಂದರು ಅಪ್ಪ.

ಹೋಗುವಾಗ ಅವನು ನನ್ನ ಹತ್ತಿರ ಓದುವ ಕನ್ನಡಕವನ್ನೂ ಕೊಂಡ. ಬಂದಾಗಿನ ನಡಿಗೆ ಬೇರೆ, ಹೋದ ನಡಿಗೆ ಬೇರೆ. ಅಪ್ಪ ಅವನು ತಿರುಗಿ ಮರೆಯಾಗುವವರೆಗೂ ನೋಡಿದರು. ಆಮೇಲೆ ಕೇಳಿದರು:

"ಆಗ ನಿನಗೆಷ್ಟು ವಯಸ್ಸು?"

"ಹದಿನಾಲ್ಕು."

"ಹೂಂ. ನಿನ್ನ ತಮ್ಮನಿಗೆ ಬರಿ. ಸೇತುವೆ ಮೇಲಿನ ಆ ಸೈನಿಕರನ್ನ ತೆಗೆದುಬಿಡ್ಲಿ. ಅವರು ಮಾಡಿದ್ದೇ ಬೇಕಾದಷ್ಟಿದೆ, ಮಾಡದೆ ಇದ್ದಿದ್ದನ್ನ ಯಾಕೆ ಹೊರಿಸ್ಬೇಕು."

"ಹಾಗಾದ್ರೆ ಯಾರು ತಡೆದರು ಅಂತ ತೋರಿಸ್ಲಿ ಅಂತಾನೆ."

"ನನ್ನ ತೋರಿಸ್ಲಿ. ಹೇಗೂ ಮೂರನೇ ಕಂತಲ್ಲಿ ಇದೀನಲ್ಲ."

ನೀನು ದೊರೆಗೆ ಹೇಗೆ ಹೇಳುತ್ತೀಯೋ ನನಗೆ ಗೊತ್ತಿಲ್ಲ. ಏಳನೇ ತಾರೀಖಿಗೆ ಮೊದಲು ಈ ಕಾಗದ ಸಿಗಲೆಂದು ನಾನೇ ಹೋಗಿ ಹಾಕಿ ಬರುತ್ತೇನೆ. ಸಿಕ್ಕಿದ ಮೇಲೆ ಸೇತುವೆ ಉಳಿಸಿಕೊಂಡರೆ, ಅದು ನಿನ್ನದು, ಅಪ್ಪನ ಹೆಸರಿನಲ್ಲಿ ಅಲ್ಲ, ನನ್ನ ಹೆಸರಿನಲ್ಲಂತೂ ಅಲ್ಲ.

ಸಂಜೆ ಅವರು ಚಪ್ಪಲಿ ಮೆಟ್ಟಿ ನಿಂತರು. "ಬಾ, ಗಾಡಿ ಎಲ್ಲಿ ತನಕ ಬಂದಿತ್ತು ತೋರಿಸು" ಎಂದರು. ಕೈ ಹಿಡಿದು ಬೀದಿಯ ತುದಿಗೆ ಕರೆದುಕೊಂಡು ಹೋದೆ. ದೊಡ್ಡ ರಸ್ತೆಯ ಅಂಚಿನಲ್ಲಿ ನಿಂತು, ಇಲ್ಲಿ ಎಂದೆ. ಬಸ್ಸೊಂದು ಹಾರ್ನ್ ಹೊಡೆಯಿತು, ಯಾರೋ ಬೈದರು. ಅಪ್ಪ ಅಲ್ಲೇ ನಿಂತು ಅವತ್ತು ಬೋರ್ಡಿದ್ದ ಗೋಡೆಯ ಕಡೆ ತಿರುಗಿದರು, ಒಂದು ಕಣ್ಣು ಮುಚ್ಚಿ ದೂರ ಅಳೆದರು.

"ಇಲ್ಲಿಂದ ಓದೋಕಾಗುತ್ತೆ" ಎಂದರು. "ಗಾಡಿಯಲ್ಲಿ ಕೂತೋರಿಗೂ ಕಾಣ್ಲಿ ಅಂತಾನೇ ಅಷ್ಟು ದೊಡ್ಡದಾಗಿ ಬರ್ದಿದ್ದೆ."

ಅಕ್ಕ